33 ಇಂಚಿನ ಟೈರ್ ಹಾಕಿದ ಪಿಕಪ್: ಕ್ರೌನ್ ಪಿನಿಯನ್ 4.30, 4.56, 4.88 ಯಾವುದು ಸರಿ?

ಎರೆಹೊಲ (ಸಿಂಧನೂರು)

ನಮಸ್ಕಾರ್ರಿ. 2.5 ಲೀಟರ್ ಡೀಸೆಲ್ ಪಿಕಪ್, 5 ಗೇರ್, ಬೇಕಾದಾಗ ಮಾತ್ರ ಹಾಕೋ ಫೋರ್ ವೀಲ್. ಮೊದಲಿದ್ದ 235/75 ಆರ್15 ಟೈರ್ ತೆಗೆದು 33×12.5 ಆರ್15 ಹಾಕ್ಯದ. ಕಬ್ಬಿಣದ ಬಂಪರ್, ವಿಂಚ್, ಕ್ಯಾರಿಯರ್ ಸೇರಿ 300 ಕಿಲೋ ತೂಕ ಹೆಚ್ಚಾಗ್ಯದ. ಹಿಂದೂ ಮುಂದೂ ಆಕ್ಸಲ್ ನಡುವಿನ ದೊಡ್ಡ ಗೇರ್ ಕ್ರೌನ್ 41 ಹಲ್ಲು, ಅದನ್ನ ತಿರುಗ್ಸೋ ಸಣ್ಣ ಗೇರ್ ಪಿನಿಯನ್ 11, ಅಂದ್ರ ಆಕ್ಸಲ್ ರೇಷಿಯೋ 3.73. ಫಸ್ಟ್ ಗೇರ್ 3.78, ಐದನೇದು 0.83, ಫೋರ್ ವೀಲಿನ ನಿಧಾನದ ಗೇರ್ ಫೋರ್ ಲೋ 2.48. ಎಂಜಿನ್ ಎಳೆತ ಚೆನ್ನಾಗಿರೋದು 1800ರಿಂದ 2800 ಆರ್‌ಪಿಎಂ.

ತ್ರಾಸು ಏನಂದ್ರ, 80ರ ವೇಗಕ್ಕ ಐದನೇ ಗೇರ್ ಹಿಡಿಯಂಗಿಲ್ಲ, ಸಣ್ಣ ಏರು ಬಂದ್ರೂ ನಾಲ್ಕಕ್ಕ ಇಳೀಬೇಕು. ಏರಿನ್ಯಾಗ ರಿವರ್ಸ್ ತಗೊಂಡ್ರ ಕ್ಲಚ್ ಸುಟ್ಟ ವಾಸನಿ. ಓಡಾಟ ಎರಿ ಹೊಲದ ಬಂಡಿ ಜಾಡು, ಕಾಲುವಿ ದಂಡಿ, ಆಗಾಗ ಗಂಗಾವತಿ ಕಡೆ ಕಲ್ಲುಗುಡ್ಡ, ಉಳಿದದ್ದು ಬಳ್ಳಾರಿ ತನಕ ಟಾರ್ ರೋಡ್. 4.88 ಹಾಕ್ಸು ಅಂತಾರ ಒಬ್ಬರು, 4.30 ಸಾಕು ಅಂತಾರ ಇನ್ನೊಬ್ಬರು.

ಸಂಡೂರು ಡೀಸೆಲ್

ಟೈರ್ ಮೇಲೆ 33 ಅಂತ ಬರೆದಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಭಾರ ಬಿದ್ದಾಗ ಟೈರ್ ಕೂರುತ್ತೆ. ಸಾಮಾನು ತುಂಬಿ, ಗಾಳಿ ಸರಿ ಇಟ್ಟು, ಟೈರಿಗೂ ನೆಲಕ್ಕೂ ಸುಣ್ಣದ ಗುರುತು ಹಾಕಿ, ಒಂದು ಸುತ್ತು ಉರುಳಿಸಿ ಟೇಪ್ ಹಿಡಿಯಿರಿ. ಹಳೆ ಟೈರ್ ಇನ್ನೂ ಇದ್ದರೆ ಅದನ್ನೂ ಹಾಕಿ ಅಳೆದು ಇಲ್ಲಿ ಬರೆಯಿರಿ.

ಎರೆಹೊಲ (ಸಿಂಧನೂರು)

ಹೊಸಾದು 2.56 ಮೀಟರ್, ಹಳೇದು 2.24.

ಸಂಡೂರು ಡೀಸೆಲ್

2.56ನ್ನು 2.24ರಿಂದ ಭಾಗಿಸಿದರೆ 1.143. ಅದನ್ನು 3.73ಕ್ಕೆ ಗುಣಿಸಿದರೆ 4.26. ಅಂದರೆ 4.30 (43/10) ಹಾಕಿದರೆ ಗಾಡಿ ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗಾಗುತ್ತೆ, ಅಷ್ಟೇ. ಮೇಲೆ ಹೇರಿದ 300 ಕಿಲೋಗೆ, ಅಗಲದ ಟೈರಿನ ಉಜ್ಜಾಟಕ್ಕೆ ಅದರಲ್ಲಿ ಏನೂ ಉಳಿದಿಲ್ಲ.

80ರಲ್ಲಿ ಐದನೇ ಗೇರ್ ಲೆಕ್ಕ: ನಿಮಿಷಕ್ಕೆ 1333 ಮೀಟರ್, ಭಾಗಿಸು 2.56, ಅಂದರೆ ಚಕ್ರ 521 ಸುತ್ತು. ಅದನ್ನು 0.83ಕ್ಕೆ, ಆಮೇಲೆ ಆಕ್ಸಲ್ ರೇಷಿಯೋಗೆ ಗುಣಿಸಿ. ಈಗಿನ 3.73ಕ್ಕೆ 1610 ಆರ್‌ಪಿಎಂ ಬರುತ್ತೆ. ಎಳೆತ ಶುರುವಾಗುವುದೇ 1800ಕ್ಕೆ, ಮತ್ತೆ ಐದನೇ ಗೇರ್ ಹಿಡಿಯೋದು ಹೇಗೆ? 4.30ಕ್ಕೆ 1860, 4.56ಕ್ಕೆ (41/9) 1970, 4.88ಕ್ಕೆ (39/8) 2110. 100ರಲ್ಲಿ ಓಡಿಸಿದರೆ ಇವೇ 2320, 2460, 2630 ಆಗುತ್ತವೆ. ಈ ತೂಕಕ್ಕೆ ನನ್ನ ಓಟು 4.56. 4.88 ತಪ್ಪೇನಲ್ಲ, ಆದರೆ ಅದು 35 ಇಂಚಿನ ಟೈರಿಗೆ ಹೊಂದುವ ಹಲ್ಲು.

ಸ್ಪೀಡೋಮೀಟರ್ ಟ್ರಾನ್ಸ್‌ಫರ್ ಕೇಸಿನಿಂದ (ಎಳೆತವನ್ನು ಎರಡು ಆಕ್ಸಲಿಗೆ ಹಂಚುವ ಪೆಟ್ಟಿಗೆ) ಓಡುವುದಾದರೆ, ಈಗ ನಿಜವಾದ 80ಕ್ಕೆ ಅದು 70 ತೋರಿಸುತ್ತಿರಬೇಕು. 4.30 ಹಾಕಿದರೆ 81, 4.56ಕ್ಕೆ 86, 4.88ಕ್ಕೆ 92. ಚಕ್ರದ ಸೆನ್ಸರಿನಿಂದ ಓಡಿದರೆ ಆಕ್ಸಲ್ ಹಲ್ಲು ಬದಲಾದರೂ ಅದಕ್ಕೆ ಗೊತ್ತಾಗಲ್ಲ, ಟೈರ್ ವ್ಯತ್ಯಾಸ ಮಾತ್ರ ಉಳಿಯುತ್ತೆ.

ಕಲ್ಲುಗುಡ್ಡ (ಕೊಪ್ಪಳ)

ಲೆಕ್ಕ ಬರೋಬ್ಬರಿ ಐತ್ರಿ. ಆದ್ರ 4.88 ಹಾಕ್ಸು ಅನ್ನೋರು ಕಲ್ಲಿಗೂ ಕೆಸರಿಗೂ ಒಂದ ಔಷಧ ಕೊಡಾಕತ್ತಾರ.

ಕಲ್ಲಿನ್ಯಾಗ ನಿಧಾನ ಬೇಕು, ಖರೆ. ಫಸ್ಟ್ ಗೇರ್, ಫೋರ್ ಲೋ, ಆಕ್ಸಲ್ ಮೂರೂ ಗುಣಿಸ್ರಿ: ಈಗ 35, 4.56ಕ್ಕ 42.7, 4.88ಕ್ಕ 45.7. ಎಕ್ಸಲರೇಟರ್ ಒತ್ತದ ಐಡಲ್ 800 ಆರ್‌ಪಿಎಂ ಹಿಡಿದ್ರ ಈಗ ತಾಸಿಗೆ 3.5 ಕಿ.ಮೀ., 4.56ಕ್ಕ 2.9, 4.88ಕ್ಕ 2.7. ಕಡೀ ಎರಡರ ನಡುವಿನ ಫರಕು ಕಾಲಿಗೆ ಗೊತ್ತ ಆಗಂಗಿಲ್ಲ.

ಎರಿಮಣ್ಣು ಅದರ ಉಲ್ಟಾ. ಹಸಿ ಎರಿ ಟೈರಿನ ಸಂದಿಯೊಳಗ ತುಂಬಿಕೊಂಡು ಚಕ್ರ ರೊಟ್ಟಿ ಕಲ್ಲಿನಂಗ ನುಣ್ಣಗ ಆಗ್ತೈತಿ. ಆ ಮಣ್ಣು ಸಿಡಿದು ಹೋಗಾಕ ಚಕ್ರ ಜೋರ ತಿರುಗಬೇಕು. ಫೋರ್ ಲೋ ಫಸ್ಟ್ ಹಾಕಿ ತೆವಳಿದ್ರ ಅಲ್ಲೇ ಕುಂದರ್ತೈತಿ. ಫೋರ್ ಲೋ ಸೆಕೆಂಡು ಇಲ್ಲಾ ಥರ್ಡ್ ಹಾಕ್ರಿ, ಗಾಳಿ ಇಳಸ್ರಿ.

ಇನ್ನೊಂದು, ಪಿನಿಯನ್ ಹಲ್ಲು ಎಣಸ್ರಿ: 11, 10, 9, 8. ಕ್ರೌನ್ ಅಳತಿ ಅಷ್ಟ ಇದ್ದು ಹಲ್ಲು ಕಡಿಮಿ ಆದಂಗ ಪಿನಿಯನ್ ತಲಿ ಸಣ್ಣದಾಗ್ತೈತಿ. ಕಲ್ಲಿನ ಮ್ಯಾಲ ಒಂದು ಚಕ್ರ ಗಾಳ್ಯಾಗ ತಿರುಗಿ ಧಪ್ಪಂತ ನೆಲ ಹಿಡಿದಾಗ ಮುರಿಯೂದು ಅದ. ಹಳೇ ಜೀಪಿನ 5.38ರಾಗ (43/8) ಪಿನಿಯನ್ 8 ಹಲ್ಲಿನದ ಇತ್ತು, ಆದ್ರ ಆ ಎಂಜಿನ್ನಿಗೂ ಇವತ್ತಿನ ಟರ್ಬೋ ಡೀಸೆಲ್ಲಿಗೂ ಎಳೆತ ಒಂದ ಅಲ್ಲ.

ಸಂಡೂರು ಡೀಸೆಲ್

ಒಪ್ಪಿದೆ. ದುಡ್ಡು ಕೊಡುವ ಮೊದಲು ಇನ್ನಷ್ಟು ನೋಡಬೇಕು. ಮುಂದಿನ ಹೌಸಿಂಗಿಗೆ (ಆಕ್ಸಲಿನ ಹೊರ ಕವಚ) ಸೆಟ್ ಸಿಗುತ್ತಾ ಅಂತ ಮೊದಲು ಕೇಳಿ, ಹಿಂದಿನದು ಆಮೇಲೆ. ಮುಂದಿನದಕ್ಕೆ 4.30 ಮಾತ್ರ ಸಿಕ್ಕರೆ ಚರ್ಚೆ ಮುಗೀತು, ಹಿಂದೂ ಮುಂದೂ ರೇಷಿಯೋ ಒಂದೇ ಇರಬೇಕಾದ್ದರಿಂದ ಎರಡಕ್ಕೂ 4.30. ಹಲ್ಲಿನ ಎಣಿಕೆ ಬೇರೆ ಇದ್ದರೂ ನಡೆಯುತ್ತೆ. 41/10 ಮತ್ತು 37/9 ಒಟ್ಟಿಗೆ ಓಡುತ್ತವೆ, 4.10, 4.11. ವ್ಯತ್ಯಾಸ ನೂರಕ್ಕೆ ಒಂದು ದಾಟಬಾರದು. ಮುಂದಿನದು ಹೈ ಪಿನಿಯನ್ (ಕ್ರೌನಿನ ನಡುಗೆರೆಗಿಂತ ಮೇಲೆ ಕೂರುವ ಪಿನಿಯನ್) ಆಗಿದ್ದರೆ ಅದರ ಹಲ್ಲಿನ ತಿರುವು ಉಲ್ಟಾ, ಹಿಂದಿನ ಸೆಟ್ ಅಲ್ಲಿಗೆ ಬರಲ್ಲ.

ಕೆಲವು ಆಕ್ಸಲ್‌ಗಳಲ್ಲಿ ಒಂದು ರೇಷಿಯೋ ದಾಟಿದರೆ ಒಳಗಿನ ಕ್ಯಾರಿಯರ್ (ಕ್ರೌನ್ ಬಿಗಿಯುವ ಗೂಡು) ಕೂಡ ಬದಲಾಗುತ್ತೆ. ಡಾನಾ 44 ಅನ್ನೋ ಆಕ್ಸಲಿನಲ್ಲಿ 3.73 ತನಕ ಒಂದು, 3.92ರಿಂದ ಮೇಲೆ ಇನ್ನೊಂದು. ನಿಮ್ಮದು ಅಂಥದ್ದಾದರೆ ಕ್ಯಾರಿಯರ್ ಅಥವಾ ಹಳೆ ಕ್ಯಾರಿಯರಿಗೇ ಕೂರುವ ದಪ್ಪ ಕ್ರೌನ್ ಖರ್ಚನ್ನೂ ಸೇರಿಸಿಕೊಳ್ಳಿ. ಲಾಕರ್ (ಎಡ ಬಲ ಚಕ್ರ ಒಟ್ಟಿಗೆ ತಿರುಗಿಸುವ ಸಾಧನ) ಹಾಕುವ ಆಸೆ ಇದ್ದರೆ ಈಗಲೇ ಹಾಕಿಸಿ, ಮಜೂರಿ ಒಂದೇ.

ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಕ್ರೌನ್ ಮೇಲೂ ಪಿನಿಯನ್ ತುದಿಯಲ್ಲೂ ಕೊರೆದ ಜೋಡಿ ನಂಬರ್ ಒಂದೇ ಇದೆಯಾ ನೋಡಿ. ಅವನ್ನು ಜೋಡಿಯಾಗಿಯೇ ಉಜ್ಜಿ ಕೂರಿಸಿರುತ್ತಾರೆ. ಜೋಡಿ ತಪ್ಪಿದರೆ ಯಾವ ಶಿಮ್ (ಅಂತರ ಹೊಂದಿಸುವ ತೆಳು ಬಿಲ್ಲೆ) ಹಾಕಿದರೂ ಗುಂಯ್ ಅನ್ನೋದು ನಿಲ್ಲಲ್ಲ.

ಮಾಡಿಫೈ ಮಾಡಿದ ಗಾಡಿ ಅಂದಮೇಲೆ ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ಕಡಿವಾಣ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ನೆನಪಿರಲಿ. ಹೌಸಿಂಗ್ ಒಳಗಿನ ಹಲ್ಲು ಯಾರಿಗೂ ಕಾಣಲ್ಲ, 33 ಇಂಚಿನ ಟೈರ್ ಎಲ್ಲರಿಗೂ ಕಾಣುತ್ತೆ.

ಕಲ್ಲುಗುಡ್ಡ (ಕೊಪ್ಪಳ)

ಫಿಟ್ಟಿಂಗ್ ಮಾಡೂವಾಗ ಪಕ್ಕದಾಗ ನಿಂತು ಇಷ್ಟು ನೋಡ್ರಿ. ಬೇರಿಂಗ್, ಆಯಿಲ್ ಸೀಲ್, ಕ್ರಶ್ ಸ್ಲೀವ್ (ಪಿನಿಯನ್ ಬೇರಿಂಗ್ ನಡುವಿನ, ಬಿಗಿದಂಗ ಕುಗ್ಗೋ ಕೊಳವಿ) ಎಲ್ಲಾ ಹೊಸಾವ ಇರಬೇಕು. ಪಿನಿಯನ್ ನಟ್ ಒಂದ ಸಲ ಅತಿ ಬಿಗಿ ಆತಂದ್ರ ಸಡಿಲ ಮಾಡಿ ಬಿಡೂದಲ್ಲ, ಹೊಸ ಸ್ಲೀವ್ ಹಾಕಿ ಮೊದಲಿಂದ ಬಿಗೀಬೇಕು. ಪ್ರಿಲೋಡ್ (ಪಿನಿಯನ್ ಬೇರಿಂಗಿನ ಬಿಗಿ) ಮ್ಯಾನ್ಯುಯಲ್ ಪ್ರಕಾರ. ಹೊಸ ಬೇರಿಂಗಿಗೆ 1.7ರಿಂದ 2.3 ನ್ಯೂಟನ್ ಮೀಟರ್ ಸಾಮಾನ್ಯ. ಬ್ಯಾಕ್‌ಲ್ಯಾಷ್ (ಎರಡು ಗೇರಿನ ಹಲ್ಲಿನ ನಡುವಿನ ಸಡಿಲು) ಡಯಲ್ ಗೇಜ್ ಹಚ್ಚಿ 0.15ರಿಂದ 0.20 ಮಿ.ಮೀ. ಕೈಲೆ ಅಲ್ಲಾಡಿಸಿ "ಬರೋಬ್ಬರಿ ಐತಿ" ಅನ್ನೋರ ಹತ್ರ ಈ ಕೆಲಸ ಬ್ಯಾಡ.

ಆಮ್ಯಾಲ ಹಲ್ಲಿಗೆ ಹಳದಿ ಮಾರ್ಕಿಂಗ್ ಪೇಸ್ಟ್ ಬಳಿದು, ಕ್ರೌನಿಗೆ ಸ್ವಲ್ಪ ತಡೆ ಕೊಟ್ಟು ತಿರುಗಸ್ರಿ. ಗುರುತು ಹಲ್ಲಿನ ಬುಡಕ್ಕ ಬಿದ್ರ ಪಿನಿಯನ್ ಬಾಳ ಒಳಗ ಹೋಗೇತಿ, ತಲಿ ಹಿಂದಿನ ಶಿಮ್ ತೆಗೀರಿ. ತುದಿಗೆ ಬಿದ್ರ ಶಿಮ್ ಸೇರಸ್ರಿ. ಪಿನಿಯನ್ ಆಳ ಸರಿ ಆಗೂಮಟಾ ಬ್ಯಾಕ್‌ಲ್ಯಾಷ್ ಹಿಂದ ಓಡಬ್ಯಾಡ್ರಿ, ಅರ್ಧ ದಿನ ಸುಮ್ನ ಹೋಗ್ತೈತಿ.

ಗೇರ್ ಆಯಿಲ್ ಜಿಎಲ್-5 ದರ್ಜೆದು. ಬ್ಯಾಸಗ್ಯಾಗ ಭಾರ ಹೊತ್ತು ಓಡೋದಿದ್ರ 85ಡಬ್ಲ್ಯೂ-140 ಛಲೋ. ಮೊದಲ 30 ಕಿ.ಮೀ. ಹಗುರಾಗಿ ಓಡಿಸಿ ಅರ್ಧ ತಾಸು ಆರಾಕ ಬಿಡ್ರಿ, ಹಿಂಗ ಎರಡು ಮೂರು ಸಲ. ಬಿಸಿಯೊಳಗ ಎಳಿಸಿದ್ರ ಹೊಸ ಹಲ್ಲು ನೀಲಿ ಆಗಿ ಹಾಳಾಗ್ತಾವು. 500 ಕಿ.ಮೀ. ತನಕ ಟ್ರೇಲರ್ ಬ್ಯಾಡ, 800ಕ್ಕ ಆಯಿಲ್ ಬದಲ್ರಿ. ಕಾಲುವಿ ನೀರಾಗ ಇಳಿಸೋದಿದ್ರ ಹೌಸಿಂಗಿನೊಳಗ ಗಾಳಿ ಆಡಾಕ ಇರೋ ಬ್ರೀದರ್ ಪೈಪ್ ಮ್ಯಾಲ ಏರಸ್ರಿ. ಕಾದ ಹೌಸಿಂಗ್ ತಣ್ಣೀರಿಗೆ ಬಿದ್ರ ಸೀಲಿನಿಂದ ನೀರು ಎಳಕೊಂಡು ಆಯಿಲ್ ಹಾಲಿನಂಗ ಆಗ್ತೈತಿ.

ಎರೆಹೊಲ (ಸಿಂಧನೂರು)

ಹಿಂದಿನ 4.56 ಸೆಟ್ ರೆಡಿ ಅದ, ಮುಂದಿನದು ಬರೋಕ ತಿಂಗಳಾಗ್ತದ ಅಂತ. ಅಲ್ಲಿತನ ಹಿಂದಿಂದಷ್ಟೇ ಹಾಕಿ ಓಡಿಸ್ಲಾ? ಕೆಸರಿನ್ಯಾಗ ಚಕ್ರ ಜಾರ್ತಾವಲ್ಲ, ಫೋರ್ ವೀಲ್ ಹಾಕಿದ್ರ ಏನಾಗ್ತದ?

ಸಂಡೂರು ಡೀಸೆಲ್

3.73ಕ್ಕೂ 4.56ಕ್ಕೂ ನೂರಕ್ಕೆ 22 ವ್ಯತ್ಯಾಸ. ಕೆಸರು ಅಷ್ಟೊಂದು ಜಾರಿಸಲ್ಲ. ಒಮ್ಮೆ ಫೋರ್ ವೀಲ್ ಬಿದ್ದರೆ ಟ್ರಾನ್ಸ್‌ಫರ್ ಕೇಸಿನ ಚೈನ್ ಇಲ್ಲವೇ ಮುಂದಿನ ಶಾಫ್ಟಿನ ಜಾಯಿಂಟ್, ಎರಡರಲ್ಲಿ ಒಂದು ಹೋಗುತ್ತೆ. ಕಾಯುವುದು ಒಳ್ಳೆಯದು. ಓಡಿಸಲೇಬೇಕೆಂದರೆ ಮುಂದಿನ ಪ್ರೊಪೆಲರ್ ಶಾಫ್ಟ್ ಬಿಚ್ಚಿ ಮನೆಯಲ್ಲಿಡಿ, ಮರೆತು ಲಿವರ್ ಎಳೆದರೂ ಹಾನಿ ಆಗಲ್ಲ. ಫೋರ್ ಲೋ ಮಾತ್ರ ಮುಟ್ಟಬೇಡಿ. ಎರಡು ಆಕ್ಸಲ್ ಹಂಚಿಕೊಳ್ಳಬೇಕಾದ ಎಳೆತವೆಲ್ಲ ಆಗ ಇನ್ನೂ ಪಳಗದ ಹಿಂದಿನ ಪಿನಿಯನ್ ಒಂದರ ಮೇಲೇ ಬೀಳುತ್ತೆ.