ಸಹಾಯ ಬೇಕು: ರೇಡಿಯೇಷನ್‌ನಿಂದ ಗಟ್ಟಿಯಾದ ಚರ್ಮಕ್ಕೆ ಕೊಬ್ಬಿನ ಕಸಿ

ನಮಸ್ಕಾರ. ಅಕ್ಕನ ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದಿದೆ. ಆದರೆ ರೇಡಿಯೇಷನ್ ಕೊಟ್ಟ ಜಾಗದ ಚರ್ಮ ಹಲಗೆಯ ಹಾಗೆ ಬಿಗಿದುಕೊಂಡಿದೆ. ತೋಳೆತ್ತಿದರೆ ಎಳೆಯುತ್ತದೆ, ರಾತ್ರಿ ನೋವು. ಪ್ಲಾಸ್ಟಿಕ್ ಸರ್ಜನ್ ಕೊಬ್ಬಿನ ಕಸಿ ಮಾಡಬಹುದು ಎಂದಿದ್ದಾರೆ. ಹೊಟ್ಟೆ ಅಥವಾ ತೊಡೆಯ ಕೊಬ್ಬನ್ನು ಸಣ್ಣ ಕೊಳವೆಯಿಂದ ಹೀರಿ, ಶುದ್ಧ ಮಾಡಿ, ಆ ಚರ್ಮದಡಿ ಹನಿಹನಿಯಾಗಿ ತುಂಬುತ್ತಾರಂತೆ.

ಓದಿ ತಿಳಿದದ್ದು ಇಷ್ಟು: ರೇಡಿಯೇಷನ್ ಸಣ್ಣ ರಕ್ತನಾಳಗಳನ್ನು ಹಾಳುಮಾಡುತ್ತದೆ, ರಕ್ತ ಸಾಲದ ಕಡೆ ನಾರುನಾರಾದ ಅಂಗಾಂಶ ಬೆಳೆಯುತ್ತದೆ. ಕೊಬ್ಬಿನಲ್ಲಿರುವ ಕಾಂಡಕೋಶಗಳು (ಸ್ಟೆಮ್ ಸೆಲ್, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕೋಶಗಳು) ಹೊಸ ರಕ್ತನಾಳ ಹುಟ್ಟಲು ನೆರವಾಗುತ್ತವೆ ಎಂಬ ನಂಬಿಕೆಯ ಮೇಲೆ ಈ ಚಿಕಿತ್ಸೆ ನಿಂತಿದೆ. ಇಟಲಿಯ ಡಾ. ಜಿನೋ ರಿಗೊಟ್ಟಿ ಅವರ ತಂಡ 2007ರಲ್ಲೇ ಒಳ್ಳೆಯ ಫಲಿತಾಂಶ ಪ್ರಕಟಿಸಿತ್ತು. ನನಗಂತೂ ಇದು ಭರವಸೆ ಕೊಟ್ಟಿದೆ. ಆದರೆ ತುಂಬಿದ ಕೊಬ್ಬಿನಲ್ಲಿ ಒಂದಷ್ಟು ಕರಗಿಹೋಗುವುದರಿಂದ ಮತ್ತೆ ಮತ್ತೆ ಮಾಡಿಸಬೇಕಾಗಬಹುದು. ಕೆಲವೊಮ್ಮೆ ಕೊಬ್ಬು ಸತ್ತು ಗಂಟಾಗಿ ಉಳಿಯುತ್ತದೆ, ಅದು ಕ್ಯಾನ್ಸರ್ ಗಂಟೇ ಎಂಬ ಅನುಮಾನಕ್ಕೂ ಎಡೆಮಾಡುತ್ತದೆ. ಅಕ್ಕ ಹೆದರಿರುವುದು ಇದಕ್ಕೇ.

ಮಾಡಿಸಿಕೊಂಡವರು, ಅವರ ಮನೆಯವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಬಿಗಿತ, ನೋವು ನಿಜವಾಗಿ ಕಡಿಮೆಯಾಯಿತೇ? ರೇಡಿಯೇಷನ್ ಮುಗಿದು ಎಷ್ಟು ಕಾಲದ ಮೇಲೆ ಮಾಡಿಸಿದಿರಿ? ಆಮೇಲಿನ ಮ್ಯಾಮೊಗ್ರಾಮ್‌ನಲ್ಲಿ (ಸ್ತನದ ಎಕ್ಸ್-ರೇ) ಗೊಂದಲವಾಯಿತೇ? ಕ್ಯಾನ್ಸರ್ ವೈದ್ಯರ ಹತ್ತಿರ ಮೊದಲೇ ಏನೇನು ಕೇಳಿಕೊಳ್ಳಬೇಕು?