ಕಾಕಾ ಹಾಕಿದ ಶ್ರೀಗಂಧದ ಪೋಸ್ಟರ್

(ನಮ್ಮ ಮನೆ ಗುಂಪು. ಪುಣೆಯ ಶ್ರೀಧರ ಕಾಕಾ ಬೆಳಿಗ್ಗೆಯೇ ಯಾವುದೋ ನರ್ಸರಿಯ ಪೋಸ್ಟರ್ ಹಾಕಿದ್ದರು: ‘ಆಯ್ದ ತಳಿಯ ಶ್ರೀಗಂಧ, ಎಣ್ಣೆ ಎರಡು ಪಟ್ಟು, 7 ವರ್ಷಕ್ಕೇ ಕಟಾವು!’)

ಶ್ರೀಧರ ಕಾಕಾ: ಊರಿನ ಹೊಲಕ್ಕೆ ಹಾಕೋಣ ಅಂತಿದ್ದೇನೆ. ಯಾರದಾದರೂ ತಕರಾರು ಇದೆಯಾ?

ಮೇಘಾ: ನನ್ನದಿದೆ ಕಾಕಾ. 7 ವರ್ಷಕ್ಕೆ ಕೆಚ್ಚು, ಅಂದರೆ ಕಾಂಡದ ಒಳಗಿನ ಗಟ್ಟಿ ಕಟ್ಟಿಗೆ, ಕಟ್ಟಲು ಶುರುವಾಗಿದ್ದರೇ ಹೆಚ್ಚು. ಎಣ್ಣೆ ಇರುವುದು ಕೆಚ್ಚಿನಲ್ಲಿ, ಬೇರಿನಲ್ಲಿ. ಹೊರಗಿನ ಬಿಳಿ ಕಟ್ಟಿಗೆಗೆ ವಾಸನೆಯೂ ಇಲ್ಲ.

ಶ್ರೀಧರ ಕಾಕಾ: ಬಂತು ಅಡ್ಡಗಾಲು. ಆಸ್ಟ್ರೇಲಿಯಾದವರು ಟೀ ಟ್ರೀ ಅನ್ನೋ ಎಣ್ಣೆ ಗಿಡದಲ್ಲಿ (ನಮ್ಮ ಚಹಾ ಗಿಡವಲ್ಲ) ಹೀಗೇ ತಳಿ ಆಯ್ದು ಎಣ್ಣೆ ಜಾಸ್ತಿ ಮಾಡಿಕೊಂಡಿಲ್ವಾ?

ಮೇಘಾ: ಮಾಡಿದ್ದಾರೆ. 1993ರಿಂದ ನಡೆದಿದೆ. ಆದರೆ ಅಲ್ಲಿ ಎಣ್ಣೆ ಇರುವುದು ಎಲೆಯಲ್ಲಿ. ಗಿಡ ಚಿಕ್ಕದಿರುವಾಗಲೇ ಒಂದು ಹಿಡಿ ಎಲೆ ಕಿತ್ತು ಪರೀಕ್ಷೆ ಮಾಡಿದರೆ ಎಣ್ಣೆ ಎಷ್ಟು, ಅದರಲ್ಲಿ ಮುಖ್ಯ ಅಂಶವಾದ ಟರ್ಪಿನೆನ್-4-ಆಲ್ ಎಷ್ಟು ಎಲ್ಲ ಗೊತ್ತಾಗುತ್ತದೆ. ಕಳಪೆ ಗಿಡ ಕಿತ್ತುಹಾಕಿ, ಉಳಿದವುಗಳ ಬೀಜ ಹಿಡಿದರಾಯಿತು. ಗಂಧದಲ್ಲಿ ತಾಯಿ ಮರದ ಗುಣ ಮಕ್ಕಳಿಗೆ ಬಂದಿದೆಯಾ ಅಂತ ನೋಡಲು ಹತ್ತು ಹದಿನೈದು ವರ್ಷ ಕಾಯಬೇಕು. ಆಮೇಲೆ ಕಾಂಡಕ್ಕೆ ಬೈರಿಗೆ ಹಾಕಿ ಪೆನ್ಸಿಲ್‌ನಂಥ ತುಂಡು ತೆಗೆದು ನೋಡಬೇಕು.

ವಿನಯ: ಪುಣೆಯ ಗಂಧದ ಕಳ್ಳರೂ ತೂತು ಕೊರೆದು ನೋಡುತ್ತಾರಂತೆ. ಬಂಗಲೆ ಕಾಂಪೌಂಡ್ ಹಾರಿ ಬರುವವರು. ಸಲಹೆಗೆ ಅವರನ್ನೇ ಕರೆಸಿ ಕಾಕಾ.

ಶಾಂತಾ ಅತ್ತೆ: ಸುಮ್ನಿರೋ. ಅಲ್ಲ ಮೇಘಾ, ಗಂಧದ ಮರ ಸರ್ಕಾರದ್ದಲ್ವಾ?

ಮೇಘಾ: ಕರ್ನಾಟಕದಲ್ಲಿ 2001ರ ತಿದ್ದುಪಡಿ ಆದ ಮೇಲೆ ಹೊಲ ಯಾರದೋ ಮರವೂ ಅವರದೇ ಅತ್ತೆ. ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಶ್ರೀಧರ ಕಾಕಾ: ಹಾಗಾದರೆ ಆಯ್ದ ತಳಿ ಅನ್ನುವುದೇ ಸುಳ್ಳಾ?

ಮೇಘಾ: ಸುಳ್ಳಲ್ಲ. ಒಂದೇ ಹೊಲದ, ಒಂದೇ ವಯಸ್ಸಿನ ಎರಡು ಮರದಲ್ಲೂ ಎಣ್ಣೆ ಹೆಚ್ಚುಕಡಿಮೆ ಇರುತ್ತದೆ. ಒಳ್ಳೆಯ ಮರದ ಬೀಜ ಹಿಡಿಯುವುದರಲ್ಲಿ ಅರ್ಥ ಇದೆ. ಆದರೆ ‘ಎರಡು ಪಟ್ಟು’ ಅಂತ ಯಾವ ಮರ ಅಳೆದು ಹೇಳಿದರು? ಅದರ ವಯಸ್ಸೆಷ್ಟು? ವರದಿ ಕೇಳಿ.

ವಿನಯ: ಪಕ್ಕದಲ್ಲಿ ತೊಗರಿ ಹಾಕಬೇಕು ಅಂತಲೂ ಬರೆದಿಲ್ಲ. ಬೇರೆ ಗಿಡದ ಬೇರು ಹೀರದೆ ಗಂಧ ಏಳುವುದೇ ಇಲ್ಲ.

ಶ್ರೀಧರ ಕಾಕಾ: ವರದಿ ಕೇಳಿದೆ. ‘ಇವತ್ತೇ ಬುಕ್ ಮಾಡಿದರೆ ಗಿಡಕ್ಕೆ ಹತ್ತು ರೂಪಾಯಿ ಕಡಿಮೆ ಸರ್’ ಅಂದ.

ಶಾಂತಾ ಅತ್ತೆ: ಮಾಡಿಬಿಟ್ಟೆಯೇನೋ ಶ್ರೀಧರಾ?

ಶ್ರೀಧರ ಕಾಕಾ: ಇಲ್ಲಕ್ಕಾ. ಬದುವಿಗೆ ಐವತ್ತು ಮಾತ್ರ ಹಾಕಿ ನೋಡೋಣ ಅಂತ.

ಮೇಘಾ: ಕಾಕಾ!!