ಅಂಗಳದ ಮರದ ವಿಷಯವಾಗಿ ದೊಡ್ಡಪ್ಪನವರಿಗೆ ಉತ್ತರ

ದೊಡ್ಡಪ್ಪ, ನಮಸ್ಕಾರ. ಗುಂಪಿನಲ್ಲಿರುವ ಎಲ್ಲ ಹಿರಿಯರಿಗೂ ನಮಸ್ಕಾರ. ನಿನ್ನೆ ರಾತ್ರಿ ನೀವು ಕಳುಹಿಸಿದ ಧ್ವನಿ ಸಂದೇಶವನ್ನು ಎರಡು ಬಾರಿ ಕೇಳಿದೆ. ನಗರದ ಹಳೆಯ ಮನೆಯ ಅಂಗಳದಲ್ಲಿರುವ ದೊಡ್ಡ ಮರವನ್ನು ತೆಗೆಸಿ ವಾಹನ ನಿಲ್ಲಿಸಲು ಜಾಗ ಮಾಡೋಣ, ಅದರ ಬದಲಿಗೆ ಊರಾಚೆಯ ಹೊಲದ ಬದುವಿನಲ್ಲಿ ಹತ್ತು ಸಸಿಗಳನ್ನು ನೆಡೋಣ, ಆಗ ಪರಿಸರದ ಲೆಕ್ಕ ಸರಿಹೋಗುತ್ತದೆ ಎಂದು ನೀವು ಹೇಳಿದಿರಿ. ಮಳೆಗಾಳಿಗೆ ಕೊಂಬೆ ಮುರಿದು ಬಿದ್ದರೆ ಏನು ಗತಿ ಎಂದು ಅತ್ತಿಗೆಯವರು ಕೇಳಿದರು. ಎರಡೂ ನ್ಯಾಯವಾದ ಮಾತುಗಳು. ನನ್ನ ಉತ್ತರ ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಬಿಡುವಾದಾಗ ಪೂರ್ತಿ ಕೇಳಿ. ಹತ್ತು ಸಸಿಗಳನ್ನು ನೆಡುವುದು ಒಳ್ಳೆಯ ಕೆಲಸ, ಅದನ್ನು ಖಂಡಿತ ಮಾಡೋಣ. ಆದರೆ ಅವು ಈ ಮರಕ್ಕೆ ಬದಲಿಯಾಗುವುದಿಲ್ಲ. ನಗರದ ಮರ ಮಾಡುವ ಉಪಕಾರದ ಬಹುಪಾಲು ಅದು ನಿಂತಿರುವ ಜಾಗಕ್ಕೇ ಸಲ್ಲುವಂಥದ್ದು, ಅದನ್ನು ಇನ್ನೊಂದು ಜಾಗಕ್ಕೆ ವರ್ಗಾಯಿಸಲು ಬರುವುದಿಲ್ಲ.

ನಿಮ್ಮ ಲೆಕ್ಕ ಒಂದು ವಿಷಯದಲ್ಲಿ ಸರಿಯಾಗಿದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಅದು ಇಂಗಾಲದ ಲೆಕ್ಕ. ಒಣಗಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಗಾಲವಿರುತ್ತದೆ, ಆ ಇಂಗಾಲದ ಒಂದೊಂದು ಕಿಲೋಗೂ ಮರವು ಗಾಳಿಯಿಂದ ಸುಮಾರು 3.67 ಕಿಲೋ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡಿರುತ್ತದೆ. ಈ ಅನಿಲ ಇಡೀ ಭೂಮಿಯ ವಾತಾವರಣದಲ್ಲಿ ಬೆರೆತುಹೋಗುವುದರಿಂದ ಅದನ್ನು ಹೀರುವ ಮರ ಅಂಗಳದಲ್ಲಿದ್ದರೂ ಒಂದೇ, ಹೊಲದಲ್ಲಿದ್ದರೂ ಒಂದೇ. ಆದರೆ ನಗರದ ಮರಗಳ ಪರವಾಗಿ ಹೇಳಬಹುದಾದ ಮಾತುಗಳಲ್ಲಿ ಇಂಗಾಲದ್ದು ಎಲ್ಲಕ್ಕಿಂತ ದುರ್ಬಲವಾದ ಮಾತು ಎಂದು ನನಗನಿಸುತ್ತದೆ. ನಗರವೊಂದು ಉಗುಳುವ ಹೊಗೆಯ ಮುಂದೆ ಅದರ ಬೀದಿಮರಗಳು ಹೀರುವ ಪಾಲು ಬಹಳ ಚಿಕ್ಕದು. ಎಲ್ಲರೂ ಅದನ್ನೇ ಮುಂದಿಟ್ಟು ಮಾತನಾಡುವುದರಿಂದಲೇ ಒಂದಕ್ಕೆ ಹತ್ತು ಎಂಬ ಬದಲಿ ಲೆಕ್ಕ ಇಷ್ಟು ಸುಲಭವಾಗಿ ಒಪ್ಪಿಗೆಯಾಗುತ್ತಿದೆ.

ಬಿಸಿಲಿನ ವಿಷಯ ಹಾಗಲ್ಲ. ಟಾರು ರಸ್ತೆ, ತಾರಸಿ, ಕಾಂಕ್ರೀಟಿನ ಗೋಡೆಗಳು ಹಗಲಿಡೀ ಬಿಸಿಲನ್ನು ಹೀರಿಕೊಂಡು, ಹೊತ್ತು ಮುಳುಗಿದ ಮೇಲೆ ಆ ಶಾಖವನ್ನು ನಿಧಾನವಾಗಿ ಬಿಟ್ಟುಕೊಡುತ್ತವೆ. ನಗರದ ರಾತ್ರಿಗಳು ಸುತ್ತಲಿನ ಬಯಲಿಗಿಂತ ಬೆಚ್ಚಗಿರುವುದಕ್ಕೆ ಇದೇ ಮುಖ್ಯ ಕಾರಣ. ಲಂಡನ್ನಿನಲ್ಲಿ ಲ್ಯೂಕ್ ಹೋವರ್ಡ್ ಎಂಬ ಹವಾಮಾನ ವೀಕ್ಷಕರು 19ನೆಯ ಶತಮಾನದ ಆರಂಭದಲ್ಲೇ ವರ್ಷಗಟ್ಟಲೆ ಉಷ್ಣಮಾಪಕದ ಅಂಕಿಗಳನ್ನು ಬರೆದಿಟ್ಟು ಈ ವ್ಯತ್ಯಾಸವನ್ನು ತೋರಿಸಿಕೊಟ್ಟಿದ್ದರು. ಮರದ ನೆರಳು ಬಿದ್ದ ನೆಲ ಮತ್ತು ಗೋಡೆ ಅಷ್ಟಾಗಿ ಕಾಯುವುದಿಲ್ಲ ಎಂಬುದು ನಮಗೆಲ್ಲ ಅನುಭವದಿಂದ ಗೊತ್ತಿದೆ. ಕಣ್ಣಿಗೆ ಕಾಣದ ಇನ್ನೊಂದು ಕೆಲಸವೂ ಅಲ್ಲಿ ನಡೆಯುತ್ತಿರುತ್ತದೆ. ಬೇರುಗಳು ಎಳೆದ ನೀರು ಎಲೆಗಳ ಪತ್ರರಂಧ್ರಗಳಿಂದ ಆವಿಯಾಗಿ ಹೋಗುವಾಗ ಸುತ್ತಲಿನ ಶಾಖವನ್ನು ತನ್ನೊಂದಿಗೆ ಕೊಂಡೊಯ್ಯುತ್ತದೆ. ಒಂದು ಲೀಟರ್ ನೀರು ಹಾಗೆ ಆವಿಯಾಗಲು ಸುಮಾರು 0.68 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕಾಗುತ್ತದೆ. ಬುಡದಲ್ಲಿ ತೇವವಿರುವ ದೊಡ್ಡ ಮರವೊಂದು ಒಂದು ಬಿಸಿಲಿನ ದಿನದಲ್ಲಿ 100 ಲೀಟರ್ ನೀರನ್ನು ಆವಿಯಾಗಿಸಿತು ಎಂದಿಟ್ಟುಕೊಳ್ಳಿ, ಅದು ಸುಮಾರು 70 ಯೂನಿಟ್‌ನಷ್ಟು ಶಾಖವನ್ನು ಸದ್ದಿಲ್ಲದೆ ಕಳೆದಂತಾಯಿತು. ಹವಾನಿಯಂತ್ರಣ ಯಂತ್ರವಾದರೋ ಕೋಣೆಯ ಶಾಖವನ್ನು ಬೀದಿಗೆ ತಳ್ಳುತ್ತದೆ, ಜೊತೆಗೆ ತಾನು ಬಳಸಿದ ವಿದ್ಯುತ್ತಿನ ಶಾಖವನ್ನೂ ಸೇರಿಸುತ್ತದೆ. ಬುಡ ಒಣಗಿದರೆ ಮರ ತನ್ನ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ, ಆಗ ಈ ತಂಪು ನಿಂತು ನೆರಳು ಮಾತ್ರ ಉಳಿಯುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಆ ಮಾತಿಗೆ ಮರಳುತ್ತೇನೆ.

ಈ ತಂಪಿನ ಬೆಲೆ ಎಷ್ಟು ಎಂಬುದಕ್ಕೆ 2023ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನೋಡಬೇಕು. ಯುರೋಪಿನ 93 ನಗರಗಳಲ್ಲಿ 2015ರ ಬೇಸಿಗೆಯ ಅಂಕಿ ಅಂಶಗಳನ್ನು ಪರಿಶೀಲಿಸಿದ ಸಂಶೋಧಕರು, ನಗರದ ಹೆಚ್ಚುವರಿ ಶಾಖದಿಂದಲೇ ಸುಮಾರು 6,700 ಅಕಾಲಿಕ ಸಾವುಗಳು ಸಂಭವಿಸಿದವೆಂದೂ, ಮರಗಳ ಹೊದಿಕೆ ನೆಲದ ಶೇಕಡ 30ರಷ್ಟಿದ್ದಿದ್ದರೆ ಅವುಗಳಲ್ಲಿ 2,644 ಸಾವುಗಳನ್ನು ತಪ್ಪಿಸಬಹುದಿತ್ತೆಂದೂ ಅಂದಾಜು ಮಾಡಿದರು. ಅಷ್ಟು ಮರಗಳಿಂದ ಸರಾಸರಿ ಇಳಿಯುತ್ತಿದ್ದ ತಾಪಮಾನ ಕೇವಲ 0.4 ಡಿಗ್ರಿ. ಅರ್ಧ ಡಿಗ್ರಿಯೂ ಇಲ್ಲದ ಈ ಇಳಿಕೆ ಗಟ್ಟಿಮುಟ್ಟಾದವರ ಗಮನಕ್ಕೇ ಬರಲಿಕ್ಕಿಲ್ಲ, ಆದರೆ ವಯಸ್ಸಾದವರ ಹೃದಯಕ್ಕೆ ಅದು ಗೊತ್ತಾಗುತ್ತದೆ. ದೊಡ್ಡಮ್ಮನವರು ಮಧ್ಯಾಹ್ನ ಮಲಗುವ ಕೋಣೆಯ ಪಡುವಣ ಗೋಡೆಗೆ ಈಗ ಆ ಮರದ ನೆರಳಿದೆ, ದೊಡ್ಡಪ್ಪ. ಹೊಲದ ಬದುವಿನ ಸಸಿಗಳು ಎಷ್ಟೇ ಚೆನ್ನಾಗಿ ಬೆಳೆದರೂ ಆ ಗೋಡೆಯನ್ನು ತಲುಪುವುದಿಲ್ಲ.

ಗಾಳಿಯ ವಿಷಯದಲ್ಲೂ ಜಾಗವೇ ಮುಖ್ಯವಾಗುತ್ತದೆ. ಎಲೆಗಳ ಮೇಲ್ಮೈ ದೂಳಿನ ಕಣಗಳನ್ನು ಹಿಡಿಯುತ್ತದೆ, ಪತ್ರರಂಧ್ರಗಳು ಓಝೋನ್ ಮತ್ತು ನೈಟ್ರೋಜನ್ ಡೈಆಕ್ಸೈಡ್‌ನಂಥ ಅನಿಲಗಳನ್ನು ಒಳಗೆಳೆದುಕೊಳ್ಳುತ್ತವೆ. ಅಮೆರಿಕದ ಅರಣ್ಯ ಸೇವೆಯ ಡೇವಿಡ್ ನೊವಾಕ್ ಮತ್ತು ಸಂಗಡಿಗರು 2010ರ ಲೆಕ್ಕ ಹಾಕಿದಾಗ, ಆ ದೇಶದ ಮರಗಳು ಒಂದೇ ವರ್ಷದಲ್ಲಿ ಸುಮಾರು 1 ಕೋಟಿ 74 ಲಕ್ಷ ಟನ್ ಮಾಲಿನ್ಯವನ್ನು ಗಾಳಿಯಿಂದ ತೆಗೆದಿದ್ದವು, 850ಕ್ಕೂ ಹೆಚ್ಚು ಸಾವುಗಳು ತಪ್ಪಿದ್ದವು. ಆ ಲೆಕ್ಕದಲ್ಲಿ ನನ್ನ ಮನಸ್ಸಿಗೆ ನಾಟಿದ ಅಂಶ ಬೇರೆ. ಮಾಲಿನ್ಯ ಹೆಚ್ಚಾಗಿ ತೆಗೆಯಲ್ಪಟ್ಟದ್ದು ಹಳ್ಳಿಗಾಡಿನ ವಿಶಾಲ ಕಾಡುಗಳಲ್ಲಿ, ಆದರೆ ಜನರ ಆರೋಗ್ಯಕ್ಕೆ ಲಾಭ ಹೆಚ್ಚಾಗಿ ಸಿಕ್ಕಿದ್ದು ನಗರಗಳಲ್ಲಿ. ಮಾಲಿನ್ಯದ ಪಕ್ಕದಲ್ಲಿ ಉಸಿರಾಡುವ ಜನರಿರುವುದು ಅಲ್ಲಿಯೇ ತಾನೆ? ಗಾಳಿಯ ಗುಣಮಟ್ಟ ಒಟ್ಟಾರೆ ಸುಧಾರಿಸಿದ್ದು ಶೇಕಡ 1ಕ್ಕಿಂತ ಕಡಿಮೆ, ಹಾಗಾಗಿ ಮರ ನೆಟ್ಟು ವಾಹನಗಳ ಹೊಗೆಯನ್ನು ಹಾಗೆಯೇ ಬಿಡಬಹುದು ಎಂದು ಯಾರೂ ತಿಳಿಯಬಾರದು. ಎತ್ತರದ ಕಟ್ಟಡಗಳ ನಡುವಿನ ಇಕ್ಕಟ್ಟಾದ ಬೀದಿಯಲ್ಲಿ ದಟ್ಟ ಎಲೆಗಳ ಸಾಲು ಗಾಳಿಯಾಟವನ್ನು ತಡೆದು ಹೊಗೆಯನ್ನು ಕೆಳಗೇ ಉಳಿಸುವುದೂ ಉಂಟು.

ಮರಗಳು ಹೋದ ಮೇಲೆ ಏನಾಗುತ್ತದೆ ಎಂಬುದನ್ನು ಯಾರೂ ಬೇಕೆಂದೇ ಪ್ರಯೋಗ ಮಾಡಿ ನೋಡಲಾರರು, ಆದರೆ ಒಂದು ದುಂಬಿ ಅದನ್ನು ಮಾಡಿತು. ಏಷ್ಯಾ ಮೂಲದ, ಹಸಿರು ಮೈಯ ಒಂದು ಕಾಂಡಕೊರಕ ದುಂಬಿ 2002ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಪತ್ತೆಯಾಯಿತು, ಅನಂತರ ಅದು ಅಲ್ಲಿನ ಬೀದಿಗಳಲ್ಲಿ ಸಾಲುಸಾಲಾಗಿ ನಿಂತಿದ್ದ ಆಶ್ ಮರಗಳನ್ನು ಕೋಟಿಗಟ್ಟಲೆ ಕೊಂದಿತು. ದುಂಬಿ ಹರಡಿದ 15 ರಾಜ್ಯಗಳ ಸಾವಿನ ದಾಖಲೆಗಳನ್ನು 2007ರವರೆಗೆ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ ಸುಮಾರು 15,000, ಶ್ವಾಸಕೋಶದ ಕಾಯಿಲೆಗಳಿಂದ ಸುಮಾರು 6,000 ಹೆಚ್ಚುವರಿ ಸಾವುಗಳು ಮರಗಳ ನಾಶದೊಂದಿಗೆ ಸಂಬಂಧ ಹೊಂದಿರುವುದನ್ನು ಕಂಡುಕೊಂಡಿತು. ಸಂಬಂಧ ಕಂಡಮಾತ್ರಕ್ಕೆ ಕಾರಣ ಸಾಬೀತಾಗುವುದಿಲ್ಲ, ನಿಜ. ಆದರೂ ಓದಿದ ದಿನದಿಂದ ಆ ಅಂಕಿಗಳು ನನ್ನನ್ನು ಬಿಟ್ಟಿಲ್ಲ.

ಇನ್ನು ನೀರು. ಸುರಿಯುವ ಮಳೆಯ ಒಂದಷ್ಟು ಭಾಗ ಎಲೆ ಕೊಂಬೆಗಳಲ್ಲೇ ತಂಗುತ್ತದೆ, ಉಳಿದದ್ದು ತಡವಾಗಿ, ಮೆಲ್ಲಗೆ ನೆಲಕ್ಕಿಳಿಯುತ್ತದೆ. ಬೇರುಗಳು ಬಿಡಿಸಿದ ಮಣ್ಣಿನಲ್ಲಿ ಅದು ಇಂಗುತ್ತದೆ. ಅದೇ ಜಾಗಕ್ಕೆ ಕಾಂಕ್ರೀಟು ಹಾಕಿದರೆ ಬಿದ್ದ ನೀರೆಲ್ಲ ಒಂದೇ ಏಟಿಗೆ ಚರಂಡಿಗೆ ಓಡುತ್ತದೆ. ಮೋಡ ಒಡೆದಂಥ ಮಳೆಗೆ ಮರವೊಂದೇ ಸಾಲದು, ದಿನನಿತ್ಯದ ಮಳೆಗೆ ಅದರ ನೆರವು ದೊಡ್ಡದು. ಇಡೀ ಕಾಡಿನ ಮಟ್ಟದಲ್ಲಿ ಇದನ್ನು ಕಂಡುಕೊಂಡ ನಗರ ಬ್ರೆಜಿಲ್‌ನ ರಿಯೊ ಡಿ ಜನೈರೊ. ಅಲ್ಲಿನ ತಿಜುಕಾ ಬೆಟ್ಟಗಳ ಕಾಡನ್ನು ಕಾಫಿ ತೋಟಗಳಿಗಾಗಿ ಬೋಳಿಸಿದ ಮೇಲೆ, ನಗರಕ್ಕೆ ನೀರುಣಿಸುತ್ತಿದ್ದ ತೊರೆಗಳು ಸೊರಗಿದವು. 1861ರಲ್ಲಿ ಚಕ್ರವರ್ತಿ ಎರಡನೆಯ ಪೆಡ್ರೊ ಆ ಬೆಟ್ಟಗಳಲ್ಲಿ ಮತ್ತೆ ಕಾಡು ಬೆಳೆಸಲು ಆಜ್ಞೆ ಮಾಡಿದರು. ಮ್ಯಾನುಯೆಲ್ ಆರ್ಚರ್ ಎಂಬ ಅಧಿಕಾರಿಯ ಕೈಕೆಳಗೆ, ಗುಲಾಮಗಿರಿಯಲ್ಲಿದ್ದ ಬೆರಳೆಣಿಕೆಯ ಕೆಲಸಗಾರರು ಹದಿಮೂರು ವರ್ಷಗಳಲ್ಲಿ ಸುಮಾರು ಒಂದು ಲಕ್ಷ ಸಸಿಗಳನ್ನು ನೆಟ್ಟರು. ಇಂದು ಆ ಮಹಾನಗರದ ನಡುವೆ ನಿಂತಿರುವ ಕಾಡು ಬೆಳೆದದ್ದು ಅವರ ದುಡಿಮೆಯಿಂದ.

ಅವರೇ ಅಷ್ಟು ಸಸಿ ನೆಟ್ಟು ಕಾಡು ಮಾಡಿದರಲ್ಲ, ನಮ್ಮ ಹತ್ತು ಸಸಿಗಳೇಕೆ ಸಾಲವು ಎಂದು ನೀವು ಕೇಳಬಹುದು. ಅವರಿಗೆ ಸಿಕ್ಕಿದ್ದು ಒಂದೂವರೆ ಶತಮಾನದ ಕಾಲ, ಅದೂ ನೀರು ಬೇಕಾಗಿದ್ದ ಬೆಟ್ಟದಲ್ಲೇ. ಮರದ ಉಪಕಾರವನ್ನು ಅಳೆಯಬೇಕಾದದ್ದು ಕಾಂಡಗಳ ಎಣಿಕೆಯಿಂದಲ್ಲ, ಎಲೆಗಳ ಹರವಿನಿಂದ. ಶಿಕಾಗೊ ನಗರದಲ್ಲಿ ನೊವಾಕ್ ಅವರು 1990ರ ದಶಕದಲ್ಲಿ ನಡೆಸಿದ ಅಧ್ಯಯನದ ಪ್ರಕಾರ, ಕಾಂಡದ ಅಡ್ಡಳತೆ 77 ಸೆಂಟಿಮೀಟರ್ ಮೀರಿದ ಆರೋಗ್ಯವಂತ ಮರವು 8 ಸೆಂಟಿಮೀಟರಿಗಿಂತ ತೆಳುವಾದ ಎಳೆಯ ಮರಕ್ಕಿಂತ ವರ್ಷಕ್ಕೆ ಸುಮಾರು 70 ಪಟ್ಟು ಹೆಚ್ಚು ಮಾಲಿನ್ಯವನ್ನು ತೆಗೆಯುತ್ತದೆ. ನಮ್ಮ ಮರ ಆ ದೊಡ್ಡ ಗುಂಪಿಗೇ ಸೇರುತ್ತದೆ. ಹತ್ತು ಸಸಿಗಳಲ್ಲಿ ಒಂದೂ ಸಾಯದೆ ಉಳಿದರೂ, ಅವು ಈ ಮರದ ಸಮಕ್ಕೆ ಬರುವ ಹೊತ್ತಿಗೆ ನಮ್ಮ ಮಕ್ಕಳೇ ಮಧ್ಯವಯಸ್ಸು ದಾಟಿರುತ್ತಾರೆ.

ಅತ್ತಿಗೆಯವರ ಭಯವನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಒಣಗಿದ ಕೊಂಬೆ ಬೀಳುತ್ತದೆ, ಬೊಡ್ಡೆ ಟೊಳ್ಳಾಗಿದ್ದರೆ ಮರವೇ ಬೀಳುತ್ತದೆ. ಆದ್ದರಿಂದ ಮಳೆಗಾಲಕ್ಕೆ ಮೊದಲೇ ಮರಗಳ ತಜ್ಞರೊಬ್ಬರನ್ನು ಕರೆಸಿ ಬುಡದಿಂದ ತುದಿಯವರೆಗೆ ಪರೀಕ್ಷೆ ಮಾಡಿಸೋಣ. ಮರ ನಿಜವಾಗಿ ಅಪಾಯಕಾರಿ ಎಂದು ಅವರು ಹೇಳಿದರೆ ನಾನು ಇನ್ನೊಂದು ಮಾತಾಡುವುದಿಲ್ಲ. ಗಟ್ಟಿಯಾಗಿದೆ ಎಂದರೆ ಒಣಕೊಂಬೆಗಳನ್ನೂ ಸೂರಿನ ಮೇಲೆ ಚಾಚಿದ ಕೊಂಬೆಗಳನ್ನೂ ಅವು ಹುಟ್ಟಿದ ಜಾಗದ ಬಳಿ ಅಚ್ಚುಕಟ್ಟಾಗಿ ತೆಗೆಸೋಣ. ತಲೆಯನ್ನೇ ಬೋಳಿಸುವುದು ಮಾತ್ರ ಬೇಡ. ಹಾಗೆ ಬೋಳಿಸಿದ ಗಾಯಗಳಲ್ಲಿ ಕೊಳೆ ಸೇರುತ್ತದೆ, ಅನಂತರ ಚಿಗುರುವ ಕೊಂಬೆಗಳ ಬುಡ ಗಟ್ಟಿಯಿರದೆ ಗಾಳಿಗೆ ಸುಲಭವಾಗಿ ಕಿತ್ತುಬರುತ್ತವೆ.

ಇನ್ನೊಂದು ಕೆಲಸವನ್ನು ಬರುವ ಭಾನುವಾರವೇ ಶುರುಮಾಡಬಹುದು. ಕೆಲವು ವರ್ಷಗಳ ಹಿಂದೆ ಅಂಗಳಕ್ಕೆ ಕಾಂಕ್ರೀಟು ಹಾಕಿಸಿದಾಗ ಅದು ಮರದ ಕಾಂಡಕ್ಕೆ ಅಂಟುವವರೆಗೂ ಬಂದಿದೆ. ನೀರು ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ನೆಲದ ಮೇಲ್ಪದರದ ಅರವತ್ತು ಸೆಂಟಿಮೀಟರ್ ಆಳದೊಳಗೇ ಹರಡಿಕೊಂಡಿರುತ್ತವೆ, ಅವಕ್ಕೆ ಈಗ ನೀರೂ ಗಾಳಿಯೂ ಸರಿಯಾಗಿ ಸಿಗುತ್ತಿಲ್ಲ. ಬುಡದ ಸುತ್ತ ಮೂರು ಅಡಿ ಕಾಂಕ್ರೀಟನ್ನು ಬೇರಿಗೆ ಪೆಟ್ಟಾಗದಂತೆ ಒಡೆಸಿ, ಪಾತಿ ಮಾಡಿ, ಉದುರಿದ ಎಲೆಗಳನ್ನು ಕಾಂಡಕ್ಕೆ ತಾಗದಂತೆ ಅಲ್ಲಿಯೇ ಹೊದಿಸಿದರೆ ಗುಡಿಸಿ ಸುಡುವ ಕೆಲಸವೂ ತಪ್ಪುತ್ತದೆ. ಅಷ್ಟಾದ ಮೇಲೂ ಬಾಗಿಲಿನ ಎಡಬದಿಯಲ್ಲಿ ಒಂದು ವಾಹನ ನಿಲ್ಲುವಷ್ಟು ಜಾಗ ಉಳಿಯುತ್ತದೆ, ನಾನು ಅಳತೆ ಮಾಡಿ ನೋಡಿದ್ದೇನೆ. ಒಡೆಸುವ ಖರ್ಚನ್ನು ನಾನು ನೋಡಿಕೊಳ್ಳುತ್ತೇನೆ. ನೀವು ಒಪ್ಪಿದರೆ ಶನಿವಾರ ಸಂಜೆಯೇ ಬಂದುಬಿಡುತ್ತೇನೆ, ದೊಡ್ಡಪ್ಪ.